ರೈಟ್ ಕ್ಲಿಕ್ ಮಾಡಿದ ಕೂಡಲೇ ಫೈಲ್ ಎಕ್ಸ್‌ಪ್ಲೋರರ್ ಮುಚ್ಚಿಹೋಗುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು, ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಡಿಟಿಪಿ ಅಂಗಡಿ, ಅಕ್ಷಯ ಕೇಂದ್ರ (ಕೇರಳದ ಸರಕಾರಿ ಆನ್‌ಲೈನ್ ಸೇವಾ ಕೇಂದ್ರ), ಶಾಲೆ, ಮನೆಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಹೆಚ್ಚಿನವು ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದವು. ಶಾಲೆಯ ಲಿನಕ್ಸ್ ಕಂಪ್ಯೂಟರುಗಳ ವಿಷಯ ಕೊನೆಯಲ್ಲಿದೆ. ಮೆನುಗಳ ಹೆಸರು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕಾಣುತ್ತದೆ, ಇಲ್ಲಿ ಅದನ್ನು ಓದುವ ಹಾಗೆಯೇ ಬರೆದಿದೆ.

## ಮೊದಲು ಕೇಳುವ ಪ್ರಶ್ನೆಗಳು

ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ತೆರೆದಿಟ್ಟ ಫೋಲ್ಡರುಗಳೆಲ್ಲ ಮುಚ್ಚಿ, ಕೆಳಗಿನ ಟಾಸ್ಕ್‌ಬಾರೂ ಮಾಯವಾಗಿ ಮತ್ತೆ ಬರ್ತದೆ. ಇದು ಎಂತದು?

ಫೋಲ್ಡರ್ ತೋರಿಸುವುದು, ಡೆಸ್ಕ್‌ಟಾಪ್ ತೋರಿಸುವುದು, ಟಾಸ್ಕ್‌ಬಾರ್ ನಡೆಸುವುದು, ಈ ಮೂರೂ ಎಕ್ಸ್‌ಪ್ಲೋರರ್ ಎಂಬ ಒಂದೇ ಪ್ರೋಗ್ರಾಮಿನ ಕೆಲಸ. ಅದು ಬಿದ್ದರೆ ಮೂರೂ ಬೀಳುತ್ತವೆ. ಬಿದ್ದ ಕೂಡಲೇ ವಿಂಡೋಸ್ ಅದನ್ನು ಪುನಃ ಎಬ್ಬಿಸುವುದರಿಂದ ಟಾಸ್ಕ್‌ಬಾರ್ ವಾಪಸ್ ಬರುತ್ತದೆ, ತೆರೆದಿದ್ದ ಫೋಲ್ಡರುಗಳು ಬರುವುದಿಲ್ಲ.

ರೈಟ್ ಕ್ಲಿಕ್ಕಿಗೇ ಯಾಕೆ ಬೀಳುತ್ತದೆ ಎಂಬುದಕ್ಕೆ ಕಾರಣ ಆ ಮೆನುವಿನೊಳಗೇ ಇದೆ. ಮೆನುವಿನಲ್ಲಿ ಕಾಣುವ ಸಾಲುಗಳೆಲ್ಲ ವಿಂಡೋಸಿನವಲ್ಲ. ಝಿಪ್ ಮಾಡುವ ಸಾಫ್ಟ್‌ವೇರ್, ಆಂಟಿವೈರಸ್, ಪಿಡಿಎಫ್ ಟೂಲ್, ಗೂಗಲ್ ಡ್ರೈವ್‌ನಂಥ ಸಿಂಕ್ ಸಾಫ್ಟ್‌ವೇರ್, ಗ್ರಾಫಿಕ್ಸ್ ಡ್ರೈವರ್ ಎಲ್ಲವೂ ತಮ್ಮದೊಂದು ಸಾಲು ಸೇರಿಸಲು ಒಂದೊಂದು ಡಿಎಲ್‌ಎಲ್ ಫೈಲ್ (ಬೇರೆ ಪ್ರೋಗ್ರಾಮಿನೊಳಗೆ ಸೇರಿ ಓಡುವ ತುಣುಕು) ಇಟ್ಟಿರುತ್ತವೆ. ಇವಕ್ಕೆ ಶೆಲ್ ಎಕ್ಸ್‌ಟೆನ್ಶನ್ ಎನ್ನುತ್ತಾರೆ. ನೀವು ರೈಟ್ ಕ್ಲಿಕ್ ಮಾಡಿದಾಗ ಎಕ್ಸ್‌ಪ್ಲೋರರ್ ಅವುಗಳನ್ನು ತನ್ನ ಒಳಗೇ ಎಳೆದುಕೊಂಡು ಓಡಿಸುತ್ತದೆ. ಹೊರಗಿನವರು ಬರೆದ ಆ ಫೈಲುಗಳಲ್ಲಿ ಒಂದು ಎಡವಿದರೂ ಎಕ್ಸ್‌ಪ್ಲೋರರ್ ಜೊತೆಗೇ ಬೀಳುತ್ತದೆ. ಹೆಚ್ಚಿನ ಸಲ ವಿಂಡೋಸ್ ಹಾಳಾಗಿರುವುದಿಲ್ಲ, ಅದರೊಳಗೆ ಸೇರಿಕೊಂಡ ಯಾವುದೋ ಒಂದು ಎಕ್ಸ್‌ಟೆನ್ಶನ್ ಹಾಳಾಗಿರುತ್ತದೆ. ಮುಂದಿನ ಉತ್ತರಗಳೆಲ್ಲ ಆ ಒಂದನ್ನು ಹಿಡಿಯುವ ದಾರಿಗಳು.

ಇದು ವೈರಸ್ಸಾ?

ಸಾಮಾನ್ಯವಾಗಿ ಅಲ್ಲ. ಹೋದ ವಾರ ಹಾಕಿದ ಸಾಫ್ಟ್‌ವೇರ್, ತಾನಾಗಿ ಅಪ್‌ಡೇಟ್ ಆದ ಡ್ರೈವರ್, ಅರ್ಧಂಬರ್ಧ ಅನ್‌ಇನ್‌ಸ್ಟಾಲ್ ಆದ ಹಳೆಯ ಟೂಲ್, ಇವು ಹೆಚ್ಚು ಸಿಗುವ ಕಾರಣಗಳು. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿದ ಮೇಲೆ ಶುರುವಾದದ್ದಾದರೆ ಮಾತ್ರ ವಿಂಡೋಸ್ ಸೆಕ್ಯುರಿಟಿಯಲ್ಲಿ ಫುಲ್ ಸ್ಕ್ಯಾನ್ ಮೊದಲು ಮಾಡಿ. ಒಂದು ಎಚ್ಚರಿಕೆ: ಇದಕ್ಕೆ ಪರಿಹಾರವೆಂದು ಎರಡನೇ ಆಂಟಿವೈರಸ್ ಹಾಕಬೇಡಿ. ಮೆನುವಿಗೆ ಇನ್ನೊಂದು ಎಕ್ಸ್‌ಟೆನ್ಶನ್ ಸೇರಿ ಹುಡುಕಾಟ ಮತ್ತಷ್ಟು ಗೋಜಲಾಗುತ್ತದೆ.

ಪರದೆ ಕಪ್ಪಾಗಿ ನಿಂತೇ ಬಿಟ್ಟಿತು, ಟಾಸ್ಕ್‌ಬಾರ್ ವಾಪಸ್ ಬರುವುದಿಲ್ಲ. ಸ್ವಿಚ್ ಆಫ್ ಮಾಡುವುದಾ?

ಬೇಡ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪಟ್ಟಿಯಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಇದ್ದರೆ ಅದನ್ನು ಆರಿಸಿ ರೀಸ್ಟಾರ್ಟ್ ಒತ್ತಿ. ಪಟ್ಟಿಯಲ್ಲೇ ಇಲ್ಲದಿದ್ದರೆ "ರನ್ ನ್ಯೂ ಟಾಸ್ಕ್" ಆರಿಸಿ ಎಕ್ಸ್‌ಪ್ಲೋರರ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ವರ್ಡ್ ಅಥವಾ ಪುಟವಿನ್ಯಾಸದ ಪೇಜ್‌ಮೇಕರ್‌ನಲ್ಲಿ ಸೇವ್ ಮಾಡದೆ ಬಿಟ್ಟ ಕೆಲಸ ಹಾಗೆಯೇ ಇರುತ್ತದೆ. ಬಿದ್ದದ್ದು ಎಕ್ಸ್‌ಪ್ಲೋರರ್ ಮಾತ್ರ.

ಸಂಜೆಯೊಳಗೆ ಆಮಂತ್ರಣ ಪತ್ರಿಕೆ ಪ್ರಿಂಟಿಗೆ ಕೊಡಬೇಕು, ಈಗ ಸರಿ ಮಾಡ್ಲಿಕ್ಕೆ ಪುರುಸೊತ್ತಿಲ್ಲ. ರೈಟ್ ಕ್ಲಿಕ್ ಇಲ್ಲದೆ ಕೆಲಸ ಆಗ್ತದಾ?

ಧಾರಾಳವಾಗಿ ಆಗುತ್ತದೆ. ಕಾಪಿಗೆ ಕಂಟ್ರೋಲ್ ಸಿ, ಕಟ್‌ಗೆ ಕಂಟ್ರೋಲ್ ಎಕ್ಸ್, ಪೇಸ್ಟ್‌ಗೆ ಕಂಟ್ರೋಲ್ ವಿ. ಹೆಸರು ಬದಲಿಸಲು ಎಫ್2. ಹೊಸ ಫೋಲ್ಡರಿಗೆ ಕಂಟ್ರೋಲ್ ಶಿಫ್ಟ್ ಎನ್. ಪ್ರಾಪರ್ಟೀಸ್ ನೋಡಲು ಫೈಲನ್ನು ಆರಿಸಿ ಆಲ್ಟ್ ಮತ್ತು ಎಂಟರ್. ಝಿಪ್ ಫೈಲಾದರೆ ಡಬಲ್ ಕ್ಲಿಕ್ ಮಾಡಿ ತೆರೆದು, ಒಳಗಿನದ್ದನ್ನು ಬೇರೆ ಫೋಲ್ಡರಿಗೆ ಎಳೆದು ಹಾಕಿ. "ಓಪನ್ ವಿತ್" ಬೇಕಾದಲ್ಲಿ ಮೊದಲು ಆ ಸಾಫ್ಟ್‌ವೇರ್ ತೆರೆದು, ಅದರ ಫೈಲ್ ಮೆನುವಿನ ಓಪನ್‌ನಿಂದ ಹೋಗಿ. ಪೆನ್‌ಡ್ರೈವ್ ತೆಗೆಯುವಾಗ ಟಾಸ್ಕ್‌ಬಾರಿನ ಬಲ ಮೂಲೆಯ ಇಜೆಕ್ಟ್ ಗುರುತನ್ನು ಬಳಸಿ.

ಮೌಸ್ ಬದಲು ಕೀಬೋರ್ಡಿನ ಮೆನು ಕೀ ಒತ್ತಿದರೆ ತಪ್ಪಿಸಿಕೊಳ್ಳಬಹುದು ಎಂದು ಕೆಲವರು ನಂಬಿದ್ದಾರೆ. ಅದೂ ಅದೇ ಮೆನುವನ್ನು ತೆರೆಯುತ್ತದೆ, ಅದೇ ರೀತಿ ಬೀಳುತ್ತದೆ. ಆದರೆ ಪರೀಕ್ಷೆಗೆ ಉಪಯೋಗವಿದೆ: ಮೆನು ಕೀಗೆ ಏನೂ ಆಗದೆ ಮೌಸಿಗೆ ಮಾತ್ರ ಬೀಳುತ್ತದೆಯಾದರೆ ಮೌಸಿನ ಸಾಫ್ಟ್‌ವೇರನ್ನು ಸಂಶಯಿಸಿ.

ಫಾರ್ಮ್ಯಾಟ್ ಮಾಡದೆ ಗತಿಯಿಲ್ಲ ಅಂತ ಹೇಳಿದ್ದಾರೆ. ಹೌದಾ?

ಈ ತೊಂದರೆಗೆ ಫಾರ್ಮ್ಯಾಟ್ ಎಂಬುದು ತೀರಾ ಕೊನೆಯ ಮಾತು. ಫಾರ್ಮ್ಯಾಟ್ ಮಾಡಿದರೆ ಸರಿಯಾಗುವುದೂ ನಿಜ, ಯಾಕೆಂದರೆ ಹಾಳಾದ ಎಕ್ಸ್‌ಟೆನ್ಶನ್ನೂ ಅಳಿದುಹೋಗುತ್ತದೆ. ಅದೇ ಸಾಫ್ಟ್‌ವೇರಿನ ಅದೇ ಆವೃತ್ತಿಯನ್ನು ಪುನಃ ಹಾಕಿದ ದಿನ ತೊಂದರೆಯೂ ವಾಪಸ್ ಬರುತ್ತದೆ. ನಡುವೆ ಕಳೆದುಕೊಳ್ಳುವುದು ಬಹಳ: ವರ್ಷಗಟ್ಟಲೆ ಕೂಡಿಸಿದ ನುಡಿ, ಬರಹ, ಮಲಯಾಳಂ ಫಾಂಟುಗಳು, ಹಳೆಯ ಪೇಜ್‌ಮೇಕರ್ ಸೆಟ್ಟಿಂಗು, ಪ್ರಿಂಟರ್ ಮತ್ತು ಸ್ಕ್ಯಾನರಿನ ಡ್ರೈವರುಗಳು, ಡಿಜಿಟಲ್ ಸಹಿಯ ಟೋಕನ್ ಸಾಫ್ಟ್‌ವೇರ್. ಹಳೆಯ ಫಾಂಟ್ ಹೋದರೆ ಆ ಫಾಂಟಿನಲ್ಲಿ ಮಾಡಿದ ಕಡತವೂ ಓದಲಾಗದ ಅಕ್ಷರಗಳ ರಾಶಿಯಾಗುತ್ತದೆ. ಕೆಳಗಿನ ಹಂತಗಳನ್ನೆಲ್ಲ ಮಾಡಿ ಮುಗಿಸುವವರೆಗೆ ಫಾರ್ಮ್ಯಾಟಿಗೆ ಒಪ್ಪಬೇಡಿ.

## ಕಾರಣ ಹಿಡಿಯುವುದು

ಕೆಲವು ಕಡೆ ರೈಟ್ ಕ್ಲಿಕ್ ಸರಿ ಬರ್ತದೆ, ಕೆಲವು ಕಡೆ ಮಾತ್ರ ಬೀಳ್ತದೆ. ಹೀಗೆ ಯಾಕೆ?

ಇದಕ್ಕಿಂತ ಒಳ್ಳೆಯ ಸುಳಿವು ಬೇರೆ ಇಲ್ಲ, ದಯವಿಟ್ಟು ಐದು ನಿಮಿಷ ಕೊಟ್ಟು ಪರೀಕ್ಷಿಸಿ. ಪ್ರತಿ ಎಕ್ಸ್‌ಟೆನ್ಶನ್ ತಾನು ಯಾವುದರ ಮೇಲೆ ಕ್ಲಿಕ್ ಮಾಡಿದಾಗ ಬರಬೇಕೆಂದು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನೆಲ್ಲ ಇಡುವ ದಾಖಲೆ) ಬರೆಸಿಕೊಂಡಿರುತ್ತದೆ. ಎಲ್ಲ ಬಗೆಯ ಫೈಲುಗಳಿಗೆ ಒಂದು ಜಾಗ, ಫೋಲ್ಡರಿಗೆ ಒಂದು, ಖಾಲಿ ಜಾಗಕ್ಕೆ ಒಂದು, ಡ್ರೈವಿಗೆ ಇನ್ನೊಂದು. ಆದ್ದರಿಂದ ಎಲ್ಲಿ ಬೀಳುತ್ತದೆ ಎಂದು ಗೊತ್ತಾದರೆ ಅರ್ಧ ಪಟ್ಟಿ ಅಲ್ಲಿಗೇ ಕಳಚುತ್ತದೆ.

ನೋಟ್‌ಪ್ಯಾಡಿನಲ್ಲಿ ಒಂದು ಖಾಲಿ ಟೆಕ್ಸ್ಟ್ ಫೈಲ್ ಮಾಡಿ ಡೆಸ್ಕ್‌ಟಾಪಿನಲ್ಲಿ ಇಟ್ಟು ಅದರ ಮೇಲೆ ರೈಟ್ ಕ್ಲಿಕ್ ಮಾಡಿ. ಆಮೇಲೆ ಒಂದು ಖಾಲಿ ಫೋಲ್ಡರಿನ ಮೇಲೆ, ಡೆಸ್ಕ್‌ಟಾಪಿನ ಖಾಲಿ ಜಾಗದ ಮೇಲೆ, "ದಿಸ್ ಪಿಸಿ"ಯಲ್ಲಿ ಸಿ ಡ್ರೈವಿನ ಮೇಲೆ, ಕೊನೆಗೆ ಒಂದು ಪಿಡಿಎಫ್ ಮತ್ತು ಒಂದು ವಿಡಿಯೊ ಮೇಲೆ.

ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ಮಾತ್ರ ಬಿದ್ದರೆ ಗ್ರಾಫಿಕ್ಸ್ ಡ್ರೈವರಿನ ಸಾಲು ಮೊದಲ ಸಂಶಯ. ಲ್ಯಾಪ್‌ಟಾಪ್ ಅಥವಾ ಮದರ್‌ಬೋರ್ಡ್ ಕಂಪನಿಯ ಸೈಟಿನಿಂದ ಡ್ರೈವರ್ ಹೊಸದಾಗಿ ಹಾಕಿ. ಖಾಲಿ ಟೆಕ್ಸ್ಟ್ ಫೈಲಿಗೂ ಫೋಲ್ಡರಿಗೂ ಬಿದ್ದರೆ ಝಿಪ್ ಟೂಲ್, ಆಂಟಿವೈರಸ್, ಸಿಂಕ್ ಸಾಫ್ಟ್‌ವೇರ್ ಸಾಲಿನಲ್ಲಿ ನಿಲ್ಲುತ್ತವೆ, ಏಕೆಂದರೆ ಎರಡೂ ಕಡೆ ಬರೆಸಿಕೊಳ್ಳುವವು ಅವೇ. ಪಿಡಿಎಫ್‌ಗೆ ಮಾತ್ರ ಬಿದ್ದರೆ ಪಿಡಿಎಫ್ ಟೂಲ್. ಅಕ್ಷಯ ಕೇಂದ್ರಗಳಲ್ಲಿ ಅರ್ಜಿಗೆ ಸೈಜ್ ಇಳಿಸಲೆಂದು ಮೂರು ನಾಲ್ಕು ಪಿಡಿಎಫ್ ಟೂಲುಗಳು ಒಟ್ಟಿಗೆ ಇರುವುದುಂಟು. ಬೇಕಾದ ಒಂದನ್ನು ಇಟ್ಟು ಉಳಿದವನ್ನು ತೆಗೆಯಿರಿ. ಒಂದೇ ಒಂದು ವಿಡಿಯೊಗೆ ಬಿದ್ದು ಉಳಿದ ವಿಡಿಯೊಗಳಿಗೆ ಬೀಳದಿದ್ದರೆ ಆ ಫೈಲೇ ಕೆಟ್ಟಿರಬಹುದು, ಅಥವಾ ಅದನ್ನು ಓದಲು ಹೋಗುವ ಕೋಡೆಕ್ ಪ್ಯಾಕ್ (ಬಗೆಬಗೆಯ ವಿಡಿಯೊ ಬಿಡಿಸಿ ಓದುವ ಸಾಫ್ಟ್‌ವೇರ್) ಎಡವುತ್ತಿರಬಹುದು.

ವಿಂಡೋಸ್ 11ರಲ್ಲಿ ಸಣ್ಣ ಮೆನು ಬರ್ತದೆ. "ಶೋ ಮೋರ್ ಆಪ್ಷನ್ಸ್" ಒತ್ತಿದರೆ ಮಾತ್ರ ಎಲ್ಲ ಹೋಗ್ತದೆ.

ಹಳೆಯ ಕ್ರಮದಲ್ಲಿ ಬರೆದ ಎಕ್ಸ್‌ಟೆನ್ಶನ್‌ಗಳು ಆ ದೊಡ್ಡ ಮೆನುವಿನಲ್ಲಿವೆ. ಸಣ್ಣ ಮೆನುವಿಗೆ ಹೊಸ ಕ್ರಮದಲ್ಲಿ ಬರೆದವು ಮಾತ್ರ ಸೇರಬಲ್ಲವು. ನಿಮ್ಮ ತೊಂದರೆ ಹಳೆಯ ಎಕ್ಸ್‌ಟೆನ್ಶನ್ ಒಂದರದ್ದು ಎಂದು ಇಷ್ಟರಿಂದಲೇ ತಿಳಿಯಿತು. ಪರೀಕ್ಷಿಸುವಾಗ ಶಿಫ್ಟ್ ಮತ್ತು ಎಫ್10 ಒತ್ತಿದರೆ ದೊಡ್ಡ ಮೆನು ನೇರವಾಗಿ ಬರುತ್ತದೆ.

ಯಾವುದರಿಂದ ಬಿತ್ತು ಅಂತ ಕಂಪ್ಯೂಟರಿನಲ್ಲೇ ದಾಖಲೆ ಉಂಟಂತೆ. ಎಲ್ಲಿ ನೋಡುವುದು?

ಇವೆಂಟ್ ವ್ಯೂವರಿನಲ್ಲಿ. ಸ್ಟಾರ್ಟ್ ಒತ್ತಿ ಆ ಹೆಸರು ಟೈಪ್ ಮಾಡಿ ತೆರೆಯಿರಿ. ಎಡಗಡೆ ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ಎಕ್ಸ್‌ಪ್ಲೋರರ್ ಬಿದ್ದ ಹೊತ್ತಿನ ಕೆಂಪು ಗುರುತಿನ ಸಾಲು ಹುಡುಕಿ: ಸೋರ್ಸ್ ಅಪ್ಲಿಕೇಶನ್ ಎರರ್, ಇವೆಂಟ್ ಐಡಿ 1000. ಅದರ ವಿವರದಲ್ಲಿ ಮೂರು ಸಾಲು ನಿಮಗೆ ಬೇಕು. "ಫಾಲ್ಟಿಂಗ್ ಅಪ್ಲಿಕೇಶನ್" ಎದುರು ಎಕ್ಸ್‌ಪ್ಲೋರರ್ ಇರಬೇಕು. "ಫಾಲ್ಟಿಂಗ್ ಮಾಡ್ಯೂಲ್ ನೇಮ್" ಎದುರು ಇರುವುದು ಎಡವಿದ ಫೈಲಿನ ಹೆಸರು. "ಫಾಲ್ಟಿಂಗ್ ಮಾಡ್ಯೂಲ್ ಪಾತ್" ಎದುರು ಆ ಫೈಲ್ ಇರುವ ಫೋಲ್ಡರ್. ಪ್ರೋಗ್ರಾಮ್ ಫೈಲ್ಸ್ ಒಳಗಿನ ಯಾವುದೋ ಸಾಫ್ಟ್‌ವೇರಿನ ಫೋಲ್ಡರ್ ಅಲ್ಲಿ ಕಂಡರೆ ಹುಡುಕಾಟ ಮುಗಿಯಿತು, ಆ ಸಾಫ್ಟ್‌ವೇರನ್ನು ಹೊಸ ಆವೃತ್ತಿಗೆ ಏರಿಸಿ ಅಥವಾ ತೆಗೆಯಿರಿ.

ಇದು ಕಷ್ಟವೆನಿಸಿದರೆ ಸ್ಟಾರ್ಟಿನಲ್ಲಿ ರಿಲಯಬಿಲಿಟಿ ಎಂದು ಟೈಪ್ ಮಾಡಿ "ವ್ಯೂ ರಿಲಯಬಿಲಿಟಿ ಹಿಸ್ಟರಿ" ತೆರೆಯಿರಿ. ದಿನದಿನದ ಪಟ್ಟಿ ಅಲ್ಲಿರುತ್ತದೆ. ಮೊದಲ ಕೆಂಪು ಗುರುತು ಬಂದ ದಿನ ಅಥವಾ ಅದರ ಹಿಂದಿನ ದಿನ ಯಾವ ಸಾಫ್ಟ್‌ವೇರ್ ಹಾಕಿದ್ದೀರಿ, ಯಾವ ಅಪ್‌ಡೇಟ್ ಬಂದಿದೆ ಎಂಬುದು ಅದೇ ಪುಟದಲ್ಲಿ ಕಾಣುತ್ತದೆ.

ಅಲ್ಲಿ ಎನ್‌ಟಿಡಿಎಲ್‌ಎಲ್ ಅಂತ ತೋರಿಸ್ತದೆ. ಅದನ್ನು ನೆಟ್‌ನಿಂದ ಇಳಿಸಿ ಹಾಕಿದರೆ ಆಗ್ತದಾ?

ಬೇಡವೇ ಬೇಡ. ಅದು ವಿಂಡೋಸಿನ ತಳಪಾಯದ ಫೈಲ್. ಬೇರೆ ಯಾರೋ ಮೆಮೊರಿ ಕೆಡಿಸಿ ಹೋದ ಮೇಲೆ ಅದು ಸಿಕ್ಕಿಬೀಳುತ್ತದೆ, ತಪ್ಪು ಅದರದ್ದಾಗಿರುವುದು ತೀರಾ ಕಡಿಮೆ. ಕರ್ನಲ್‌ಬೇಸ್ ಎಂಬ ಹೆಸರು ಬಂದರೂ ಇದೇ ಮಾತು. ಡಿಎಲ್‌ಎಲ್ ಫೈಲ್ ಬಿಡಿಬಿಡಿಯಾಗಿ ಕೊಡುವ ಸೈಟುಗಳನ್ನು ನಂಬಬೇಡಿ.

ಇವೆಂಟ್ ವ್ಯೂವರಿನ ಅದೇ ವಿವರದಲ್ಲಿರುವ ಎಕ್ಸೆಪ್ಶನ್ ಕೋಡನ್ನು (ಎಂಥ ತಪ್ಪು ಎಂದು ಹೇಳುವ ಸಂಖ್ಯೆ) ಓದಿ. ಕೊನೆಯ ಅಂಕಿ 5 ಆಗಿರುವ ಸಿ0000005 ಎಂದರೆ ತನ್ನದಲ್ಲದ ಮೆಮೊರಿಗೆ ಕೈ ಹಾಕಿದ್ದು; ಎಕ್ಸ್‌ಟೆನ್ಶನ್ ತೊಂದರೆಯಲ್ಲಿ ತುಂಬ ಸಾಮಾನ್ಯ. ಸಿ0000374 ಎಂದರೆ ಮೆಮೊರಿ ಮೊದಲೇ ಕೆಟ್ಟಿತ್ತು, ಈಗ ಪತ್ತೆಯಾಯಿತು. ಇಲ್ಲಿ ಮಾಡ್ಯೂಲಿನ ಹೆಸರನ್ನು ನಂಬುವಂತಿಲ್ಲ. ಸಿ0000006 ಎಂದರೆ ಡಿಸ್ಕಿನಿಂದ ಓದಲಾಗಲಿಲ್ಲ ಎಂದರ್ಥ. ಇದನ್ನು ಕಂಡರೆ ಉಳಿದದ್ದೆಲ್ಲ ಬದಿಗಿಟ್ಟು ಮೊದಲು ಬ್ಯಾಕಪ್ ತೆಗೆಯಿರಿ.

ಹೆಸರು ಸಿಗಲಿಲ್ಲ. ಎಲ್ಲ ಸಾಫ್ಟ್‌ವೇರನ್ನೂ ಒಂದೊಂದಾಗಿ ತೆಗೆದು ನೋಡುವುದಾ?

ಬೇಡ. ಯಾವುದನ್ನೂ ಅನ್‌ಇನ್‌ಸ್ಟಾಲ್ ಮಾಡದೆ ಎಕ್ಸ್‌ಟೆನ್ಶನ್‌ಗಳನ್ನು ಮಾತ್ರ ಆಫ್ ಮಾಡಬಹುದು. ನಿರ್‌ಸಾಫ್ಟ್‌ನ ಶೆಲ್‌ಎಕ್ಸ್‌ವ್ಯೂ ಎಂಬ ಉಚಿತ ಟೂಲ್ ಇದಕ್ಕೆಂದೇ ಇದೆ. ಅದರ ಅಧಿಕೃತ ಸೈಟಿನಿಂದಲೇ ಇಳಿಸಿ, 64 ಬಿಟ್ ವಿಂಡೋಸಿಗೆ 64 ಬಿಟ್ ಆವೃತ್ತಿ. ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಬಿಚ್ಚಿ ಓಡಿಸಿದರೆ ಸಾಕು. ಅಡ್ಮಿನಿಸ್ಟ್ರೇಟರಾಗಿ ಓಡಿಸಬೇಕು, ರೈಟ್ ಕ್ಲಿಕ್ ಮಾಡುವ ಹಾಗಿಲ್ಲವಲ್ಲ, ಟಾಸ್ಕ್ ಮ್ಯಾನೇಜರಿನ "ರನ್ ನ್ಯೂ ಟಾಸ್ಕ್"ನಲ್ಲಿ ಬ್ರೌಸ್ ಮಾಡಿ ಅದನ್ನು ತೋರಿಸಿ, ಕೆಳಗಿರುವ ಅಡ್ಮಿನಿಸ್ಟ್ರೇಟರ್ ಚೌಕಕ್ಕೆ ಟಿಕ್ ಹಾಕಿ.

ಪಟ್ಟಿ ತೆರೆದಾಗ ಇನ್ನೂರು ಮುನ್ನೂರು ಸಾಲು ಕಂಡು ಹೆದರಬೇಡಿ. ಆಪ್ಷನ್ಸ್ ಮೆನುವಿನಲ್ಲಿ ಮೈಕ್ರೋಸಾಫ್ಟಿನವನ್ನು ಮರೆಮಾಡುವ ಆಯ್ಕೆ ಇದೆ, ಅದನ್ನು ಒತ್ತಿ. ಆಮೇಲೆ ಟೈಪ್ ಎಂಬ ಕಾಲಮ್ಮಿನ ತಲೆಯ ಮೇಲೆ ಕ್ಲಿಕ್ ಮಾಡಿದರೆ ಕಾಂಟೆಕ್ಸ್ಟ್ ಮೆನು ಬಗೆಯವೆಲ್ಲ ಒಂದೆಡೆ ಸೇರುತ್ತವೆ. ಇವುಗಳ ಫೋಟೊ ಒಂದನ್ನು ಮೊಬೈಲಿನಲ್ಲಿ ತೆಗೆದಿಡಿ, ಮೊದಲು ಯಾವುದು ಆನ್ ಇತ್ತು ಎಂದು ನೆನಪಿಗೆ ಬೇಕಾಗುತ್ತದೆ.

ಮೊದಲು ಅವೆಲ್ಲವನ್ನೂ ಆರಿಸಿ ಎಫ್7 ಒತ್ತಿ ಆಫ್ ಮಾಡಿ. ಟಾಸ್ಕ್ ಮ್ಯಾನೇಜರಿನಿಂದ ಎಕ್ಸ್‌ಪ್ಲೋರರ್ ರೀಸ್ಟಾರ್ಟ್ ಮಾಡಿ, ರೈಟ್ ಕ್ಲಿಕ್ ಮಾಡಿ ನೋಡಿ. ಈಗಲೂ ಬಿದ್ದರೆ ಕಾರಣ ಬೇರೆ ಕಡೆ ಇದೆ, ಮುಂದಿನ ಭಾಗಕ್ಕೆ ಹೋಗಿ. ಬೀಳದಿದ್ದರೆ ಮೇಲಿನ ಅರ್ಧವನ್ನು ಮಾತ್ರ ಎಫ್8 ಒತ್ತಿ ಆನ್ ಮಾಡಿ, ಪುನಃ ರೀಸ್ಟಾರ್ಟ್ ಮಾಡಿ, ಪುನಃ ನೋಡಿ. ಬಿದ್ದರೆ ಹಾಳಾದದ್ದು ಆ ಅರ್ಧದಲ್ಲಿದೆ, ಇಲ್ಲವಾದರೆ ಕೆಳಗಿನ ಅರ್ಧದಲ್ಲಿ. ಸಿಕ್ಕಿದ ಅರ್ಧವನ್ನು ಮತ್ತೆ ಎರಡು ಮಾಡಿ. ಹೀಗೆ 40 ಎಕ್ಸ್‌ಟೆನ್ಶನ್ ಇದ್ದರೂ ಆರು ಸುತ್ತಿಗೆ ಒಂದಕ್ಕೆ ಇಳಿಯುತ್ತದೆ.

ಎಡವುವ ಜಾಗ ಎರಡು. ಪ್ರತಿ ಸುತ್ತಿಗೂ ಎಕ್ಸ್‌ಪ್ಲೋರರ್ ರೀಸ್ಟಾರ್ಟ್ ಮಾಡಲು ಮರೆತರೆ ಹಳೆಯ ಎಕ್ಸ್‌ಟೆನ್ಶನ್ ಒಳಗೇ ಉಳಿದು ತಪ್ಪು ಉತ್ತರ ಸಿಗುತ್ತದೆ. ಇನ್ನು, ಎರಡೂ ಅರ್ಧ ಬೇರೆ ಬೇರೆಯಾಗಿ ಸರಿಯಿದ್ದು ಒಟ್ಟಿಗೆ ಆನ್ ಮಾಡಿದಾಗ ಮಾತ್ರ ಬಿದ್ದರೆ, ಎರಡು ಎಕ್ಸ್‌ಟೆನ್ಶನ್ ಒಂದಕ್ಕೊಂದು ಹೊಂದುತ್ತಿಲ್ಲ ಎಂದು ಲೆಕ್ಕ. ಒಂದು ಅರ್ಧವನ್ನು ಪೂರ್ತಿ ಆನ್ ಇಟ್ಟು ಇನ್ನೊಂದನ್ನು ಭಾಗ ಮಾಡುತ್ತಾ ಹೋಗಿ.

ಸಿಕ್ಕಿತು, ಆದರೆ ಆ ಸಾಫ್ಟ್‌ವೇರ್ ಇಲ್ಲದೆ ಕೆಲಸ ನಡೆಯುವುದಿಲ್ಲ. ಎಂತ ಮಾಡುವುದು?

ಅದರ ಎಕ್ಸ್‌ಟೆನ್ಶನ್ ಆಫ್ ಇದ್ದರೂ ಸಾಫ್ಟ್‌ವೇರ್ ಎಂದಿನಂತೆ ತೆರೆಯುತ್ತದೆ. ರೈಟ್ ಕ್ಲಿಕ್ ಮೆನುವಿನ ಸಾಲು ಮಾತ್ರ ಇರುವುದಿಲ್ಲ. ಹೊಸ ಆವೃತ್ತಿ ಬಂದಾಗ ಹಾಕಿ, ಪುನಃ ಆನ್ ಮಾಡಿ ನೋಡಿ. ಹೆಚ್ಚಿನ ಝಿಪ್ ಟೂಲುಗಳ ಸೆಟ್ಟಿಂಗಿನಲ್ಲೇ ಮೆನುವಿಗೆ ಸೇರಬೇಕೇ ಬೇಡವೇ ಎಂಬ ಆಯ್ಕೆಯೂ ಇರುತ್ತದೆ. ಅಪ್‌ಡೇಟ್ ಆದಾಗ ಕೆಲವು ಸಾಫ್ಟ್‌ವೇರುಗಳು ತಮ್ಮ ಎಕ್ಸ್‌ಟೆನ್ಶನನ್ನು ತಾವೇ ಆನ್ ಮಾಡಿಕೊಳ್ಳುತ್ತವೆ. ತೊಂದರೆ ಮರುಕಳಿಸಿದರೆ ಮೊದಲು ಅದನ್ನೇ ನೋಡಿ.

ಬೀಳುವುದಿಲ್ಲ, ಆದರೆ ಅರ್ಧ ನಿಮಿಷ ಸುತ್ತುತ್ತಾ ಇರ್ತದೆ.

ಇದು ಬೇರೆ ಕಾಯಿಲೆ. ಇವೆಂಟ್ ವ್ಯೂವರಿನಲ್ಲಿ 1000ದ ಬದಲು 1002, ಅಪ್ಲಿಕೇಶನ್ ಹ್ಯಾಂಗ್ ಎಂದು ಕಾಣಿಸಬಹುದು. ಆಫ್ ಆಗಿರುವ ಪಕ್ಕದ ಕಂಪ್ಯೂಟರಿನ ಶೇರ್ ಫೋಲ್ಡರ್, ಈಗ ಇಲ್ಲದ ನೆಟ್‌ವರ್ಕ್ ಡ್ರೈವ್, "ಸೆಂಡ್ ಟು" ಪಟ್ಟಿಯಲ್ಲಿ ಉಳಿದ ಹಳೆಯ ಜಾಗ, ಇವುಗಳಿಂದ ಉತ್ತರ ಬರುವವರೆಗೆ ಎಕ್ಸ್‌ಪ್ಲೋರರ್ ಕಾಯುತ್ತದೆ. ಬಳಸದ ನೆಟ್‌ವರ್ಕ್ ಡ್ರೈವ್ ಡಿಸ್‌ಕನೆಕ್ಟ್ ಮಾಡಿ, ಕ್ವಿಕ್ ಆಕ್ಸೆಸ್‌ನಲ್ಲಿ ಪಿನ್ ಮಾಡಿದ ಹಳೆಯ ಶೇರುಗಳನ್ನು ತೆಗೆಯಿರಿ.

ಫೈಲಿನ ಹೆಸರು ಕನ್ನಡದಲ್ಲಿ ಇಟ್ಟದ್ದಕ್ಕೆ ಹೀಗಾಗ್ತದಾ?

ವಿಂಡೋಸಿಗೆ ಕನ್ನಡ ಹೆಸರಿನಿಂದ ಏನೂ ತೊಂದರೆಯಿಲ್ಲ, ಹೆಸರುಗಳನ್ನು ಅದು ಯೂನಿಕೋಡಿನಲ್ಲೇ ಇಡುತ್ತದೆ. ಕನ್ನಡ ಹೆಸರು ಇಡುವುದನ್ನು ಬಿಡಬೇಡಿ. ತೊಡಕು ಹಳೆಯ ಎಕ್ಸ್‌ಟೆನ್ಶನ್‌ಗಳದ್ದು: ಯೂನಿಕೋಡ್ ತಿಳಿಯದ ಕಾಲದಲ್ಲಿ ಬರೆದವುಗಳಿಗೆ ಕನ್ನಡ ಮತ್ತು ಮಲಯಾಳಂ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ತಲುಪುತ್ತವೆ, ಆ ಹೆಸರಿನ ಫೈಲ್ ಅವಕ್ಕೆ ಸಿಗುವುದಿಲ್ಲ. ಒಂದೇ ಫೈಲನ್ನು ಇಂಗ್ಲಿಷ್ ಹೆಸರಿನಲ್ಲೂ ಕನ್ನಡ ಹೆಸರಿನಲ್ಲೂ ಇಟ್ಟು ನೋಡಿ. ಕನ್ನಡದ್ದಕ್ಕೆ ಮಾತ್ರ ಬಿದ್ದರೆ ಬದಲಾಯಿಸಬೇಕಾದ್ದು ಆ ಹಳೆಯ ಸಾಫ್ಟ್‌ವೇರ್.

ಇನ್ನೊಂದು ಕಾರಣವನ್ನು ಎರಡು ಮೂರು ಭಾಷೆ ಬಳಸುವ ನಮ್ಮ ಕಡೆಯವರು ನೋಡಲೇಬೇಕು. ಕಂಟ್ರೋಲ್ ಪ್ಯಾನೆಲ್, ರೀಜನ್, ಅಡ್ಮಿನಿಸ್ಟ್ರೇಟಿವ್, "ಚೇಂಜ್ ಸಿಸ್ಟಮ್ ಲೊಕೇಲ್" ಒಳಗೆ ಬೀಟಾ ಎಂದು ಶುರುವಾಗುವ ಯುಟಿಎಫ್-8 ಚೌಕ ಇದೆ. ಅಕ್ಷರ ಸರಿ ಕಾಣಲೆಂದು ಯಾರೋ ಹೇಳಿದ್ದನ್ನು ಕೇಳಿ ಅದಕ್ಕೆ ಟಿಕ್ ಹಾಕಿದ್ದರೆ ಕೆಲವು ಹಳೆಯ ಸಾಫ್ಟ್‌ವೇರುಗಳು ಮುಗ್ಗರಿಸುತ್ತವೆ. ಟಿಕ್ ತೆಗೆದು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಪರೀಕ್ಷಿಸಿ.

ಫೋಲ್ಡರಿನಲ್ಲಿ ಸರಿಯಿದೆ. ಪೇಜ್‌ಮೇಕರಿನ ಓಪನ್ ಬಾಕ್ಸಿನಲ್ಲಿ ರೈಟ್ ಕ್ಲಿಕ್ ಮಾಡಿದರೆ ಪೇಜ್‌ಮೇಕರೇ ಮುಚ್ಚಿ ಹೋಗ್ತದೆ!

ಓಪನ್ ಬಾಕ್ಸ್ ಕೂಡ ಅದೇ ಎಕ್ಸ್‌ಟೆನ್ಶನ್‌ಗಳನ್ನು ಎಳೆದುಕೊಳ್ಳುತ್ತದೆ, ಈ ಸಲ ಪೇಜ್‌ಮೇಕರಿನ ಒಳಗೆ. ಪೇಜ್‌ಮೇಕರ್ 32 ಬಿಟ್ ಆದ್ದರಿಂದ ಅದು ಎಳೆಯುವುದು 32 ಬಿಟ್ ಎಕ್ಸ್‌ಟೆನ್ಶನ್‌ಗಳನ್ನು. ಎಕ್ಸ್‌ಪ್ಲೋರರ್ ಎಳೆಯುವುದು 64 ಬಿಟ್‌ನವನ್ನು. ಹಾಗಾಗಿ ಒಂದು ಕಡೆ ಸರಿ, ಇನ್ನೊಂದು ಕಡೆ ಬೀಳುತ್ತದೆ. ಮೈಕ್ರೋಸಾಫ್ಟಿನ ಆಟೋರನ್ಸ್ ಟೂಲ್ ತೆರೆದು ಎಕ್ಸ್‌ಪ್ಲೋರರ್ ಟ್ಯಾಬಿಗೆ ಹೋಗಿ. ಎರಡೂ ಬಗೆಯವು ಬೇರೆ ಬೇರೆ ತಲೆಬರಹದಡಿ ಇರುತ್ತವೆ, 32 ಬಿಟ್‌ನವುಗಳ ದಾರಿಯಲ್ಲಿ ವಾವ್6432ನೋಡ್ ಎಂದಿರುತ್ತದೆ. ಅವುಗಳ ಟಿಕ್ಕನ್ನು ಅರ್ಧರ್ಧವಾಗಿ ತೆಗೆದು ಪರೀಕ್ಷಿಸಿ.

## ಇನ್ನೂ ಆಳಕ್ಕೆ

ಹೊರಗಿನವನ್ನೆಲ್ಲ ಆಫ್ ಮಾಡಿದೆ, ಆದರೂ ಬೀಳ್ತದೆ. ಇನ್ನೇನು?

ಮೊದಲು ಹೊಸದೊಂದು ಯೂಸರ್ ಅಕೌಂಟ್ ಮಾಡಿ ಅದರಲ್ಲಿ ನೋಡಿ. ಅಲ್ಲಿ ಸರಿಯಿದ್ದರೆ ನಿಮ್ಮ ಅಕೌಂಟಿನ ಸೆಟ್ಟಿಂಗ್ ಕೆಟ್ಟಿದೆ, ವಿಂಡೋಸ್ ಅಲ್ಲ.

ಅಲ್ಲೂ ಬಿದ್ದರೆ ವಿಂಡೋಸಿನ ಫೈಲುಗಳನ್ನು ಪರೀಕ್ಷಿಸಬೇಕು. ಅಡ್ಮಿನಿಸ್ಟ್ರೇಟರಾಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಮೊದಲು ಡಿಐಎಸ್‌ಎಂ ಕಮಾಂಡನ್ನು ಆನ್‌ಲೈನ್, ಕ್ಲೀನಪ್-ಇಮೇಜ್, ರಿಸ್ಟೋರ್‌ಹೆಲ್ತ್ ಎಂಬ ಮೂರು ಪದಗಳೊಂದಿಗೆ ಓಡಿಸಿ, ಪ್ರತಿ ಪದದ ಹಿಂದೆ ಒಂದು ಸ್ಪೇಸ್ ಮತ್ತು ಸ್ಲ್ಯಾಶ್. ಇದಕ್ಕೆ ಇಂಟರ್ನೆಟ್ ಬೇಕು. ಮುಗಿದ ಮೇಲೆ ಎಸ್‌ಎಫ್‌ಸಿ, ಸ್ಪೇಸ್, ಸ್ಲ್ಯಾಶ್, ಸ್ಕ್ಯಾನ್‌ನೌ. ಕ್ರಮ ಹೀಗೆಯೇ ಇರಲಿ: ಎಸ್‌ಎಫ್‌ಸಿ ಹಾಳಾದ ಫೈಲಿಗೆ ಬದಲಿ ತರುವ ಸಂಗ್ರಹವನ್ನು ಸರಿಪಡಿಸುವುದು ಡಿಐಎಸ್‌ಎಂ.

ಮಳೆಗಾಲದಲ್ಲಿ ಗುಡುಗಿಗೆ ಕರೆಂಟ್ ಹೋಗಿ ಬಂದು ಮಾಡಿದ ಮೇಲೆ ಶುರುವಾದ ತೊಂದರೆಯಾದರೆ ಡಿಸ್ಕನ್ನೂ ನೋಡಿ. "ದಿಸ್ ಪಿಸಿ"ಯಲ್ಲಿ ಸಿ ಡ್ರೈವ್ ಆರಿಸಿ ಆಲ್ಟ್ ಎಂಟರ್, ಟೂಲ್ಸ್, ಚೆಕ್. ಪ್ರತಿ ಸಲ ಬೇರೆ ಬೇರೆ ಮಾಡ್ಯೂಲಿನ ಹೆಸರು ಬರುತ್ತಿದ್ದರೆ ರ‍್ಯಾಮ್ ಸಂಶಯ. ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ.

ಇಷ್ಟಕ್ಕೂ ಬಗ್ಗದಿದ್ದರೆ ರಿಪೇರಿ ಇನ್‌ಸ್ಟಾಲ್. ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಒಳಗೆ "ಫಿಕ್ಸ್ ಪ್ರಾಬ್ಲೆಮ್ಸ್ ಯೂಸಿಂಗ್ ವಿಂಡೋಸ್ ಅಪ್‌ಡೇಟ್" ಇದೆ. ಸಾಫ್ಟ್‌ವೇರ್, ಕಡತ, ಸೆಟ್ಟಿಂಗ್ ಉಳಿಸಿಕೊಂಡು ವಿಂಡೋಸನ್ನು ಮಾತ್ರ ಮರುಹಾಕುತ್ತದೆ. ವಿಂಡೋಸ್ 10ರಲ್ಲಿ ಐಎಸ್‌ಒ ಫೈಲ್ (ವಿಂಡೋಸ್ ಹಾಕುವ ಡಿಸ್ಕಿನ ಪ್ರತಿ) ತೆರೆದು ಸೆಟಪ್ ಓಡಿಸಿ, ಫೈಲ್ ಮತ್ತು ಆ್ಯಪ್ ಎರಡನ್ನೂ ಉಳಿಸುವ ಆಯ್ಕೆ ಒತ್ತಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ಲೆಕ್ಕದಲ್ಲಿರಲಿ.

ಸೇಫ್ ಮೋಡಿನಲ್ಲಿ ನೋಡಿದರೆ ಗೊತ್ತಾಗುವುದಿಲ್ಲವಾ?

ಅರ್ಧ ಗೊತ್ತಾಗುತ್ತದೆ. ಸೇಫ್ ಮೋಡ್ ಎಂದರೆ ಅತ್ಯಗತ್ಯ ಡ್ರೈವರುಗಳಷ್ಟೇ ಇಟ್ಟುಕೊಂಡು ವಿಂಡೋಸ್ ಶುರುವಾಗುವ ಕ್ರಮ. ಸೇಫ್ ಮೋಡಿನಲ್ಲಿ ಸರಿಯಾದರೆ ಡ್ರೈವರ್ ಅಥವಾ ಹಿನ್ನೆಲೆಯ ಸರ್ವಿಸ್ ಒಂದರ ಕೈವಾಡವಿದೆ. ಅಲ್ಲೂ ಬಿದ್ದರೆ ವಿಂಡೋಸ್ ಹಾಳಾಗಿದೆ ಎಂದು ತೀರ್ಮಾನಿಸಬೇಡಿ, ರಿಜಿಸ್ಟ್ರಿಯಲ್ಲಿ ಬರೆದ ಎಕ್ಸ್‌ಟೆನ್ಶನ್‌ಗಳು ಅಲ್ಲೂ ಲೋಡ್ ಆಗಬಹುದು. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆ) ಇರುವ ಲ್ಯಾಪ್‌ಟಾಪಾದರೆ ರಿಕವರಿ ಕೀ ಕೈಯಲ್ಲಿ ಇಟ್ಟುಕೊಂಡೇ ಹೊರಡಿ.

ಇವೆಂಟ್ ವ್ಯೂವರಿಗಿಂತ ಹೆಚ್ಚಿನ ವಿವರ ಬೇಕು. ಡಂಪ್ ಹೇಗೆ ತೆಗೆಯುವುದು?

ಡಂಪ್ ಎಂದರೆ ಬಿದ್ದ ಹೊತ್ತಿನಲ್ಲಿ ಪ್ರೋಗ್ರಾಮಿನ ಮೆಮೊರಿಯಲ್ಲಿ ಇದ್ದದ್ದರ ನಕಲು. ರಿಜಿಸ್ಟ್ರಿ ಎಡಿಟರಿನಲ್ಲಿ ಎಚ್‌ಕೆಇವೈ ಲೋಕಲ್ ಮೆಷಿನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ವಿಂಡೋಸ್ ಎರರ್ ರಿಪೋರ್ಟಿಂಗ್ ವರೆಗೆ ಹೋಗಿ. ಆ ಕೀಯನ್ನು ಫೈಲ್ ಮೆನುವಿನ ಎಕ್ಸ್‌ಪೋರ್ಟಿನಿಂದ ಉಳಿಸಿಕೊಂಡ ಮೇಲೆ, ಅದರಡಿ ಲೋಕಲ್‌ಡಂಪ್ಸ್ ಎಂಬ ಕೀ ಸೃಷ್ಟಿಸಿ, ಅದರೊಳಗೆ ಡಂಪ್‌ಟೈಪ್ ಎಂಬ ಡಿವರ್ಡ್ ಮೌಲ್ಯಕ್ಕೆ 2 ಕೊಡಿ. ಎರಡೂ ಹೆಸರು ಇಂಗ್ಲಿಷಿನಲ್ಲಿ, ನಡುವೆ ಸ್ಪೇಸ್ ಇಲ್ಲದೆ. ಮುಂದಿನ ಸಲ ಬಿದ್ದಾಗ ನಿಮ್ಮ ಆ್ಯಪ್‌ಡೇಟಾದ ಲೋಕಲ್ ಫೋಲ್ಡರಿನಲ್ಲಿ ಕ್ರ್ಯಾಶ್‌ಡಂಪ್ಸ್ ಒಳಗೆ ಫೈಲ್ ಸಿಗುತ್ತದೆ. ಮೈಕ್ರೋಸಾಫ್ಟಿನ ವಿನ್‌ಡಿಬಿಜಿ ಟೂಲಿನಲ್ಲಿ ತೆರೆದು ಅನಲೈಜ್ ಮಾಡಿಸಿ, ಸ್ಟ್ಯಾಕಿನಲ್ಲಿ (ಬೀಳುವಾಗ ಓಡುತ್ತಿದ್ದವುಗಳ ಸಾಲು) ಮೈಕ್ರೋಸಾಫ್ಟಿನದ್ದಲ್ಲದ ಮೊದಲ ಹೆಸರು ಯಾವುದೆಂದು ನೋಡಿ. ಎನ್‌ಟಿಡಿಎಲ್‌ಎಲ್ ಎಂದಷ್ಟೇ ತೋರಿಸಿದ ಪ್ರಕರಣಗಳು ಇಲ್ಲಿ ಬಾಯಿಬಿಡುತ್ತವೆ. ಡಂಪ್ ಫೈಲ್ ದೊಡ್ಡದು, ಅದರಲ್ಲಿ ಆ ಹೊತ್ತಿನ ನಿಮ್ಮ ಖಾಸಗಿ ಮಾಹಿತಿಯೂ ಇರಬಹುದು. ಸಿಕ್ಕವರಿಗೆ ಕಳುಹಿಸಬೇಡಿ, ಕೆಲಸ ಮುಗಿದ ಮೇಲೆ ಅಳಿಸಿ, ಆ ಕೀಯನ್ನೂ ತೆಗೆಯಿರಿ.

ಶಾಲೆಯ ಲ್ಯಾಬಿನಲ್ಲಿ ಕೈಟ್‌ನವರ ಲಿನಕ್ಸ್ ಉಂಟು. ಅಲ್ಲೂ ರೈಟ್ ಕ್ಲಿಕ್ಕಿಗೆ ಫೈಲ್ಸ್ ಮುಚ್ಚಿ ಹೋಗ್ತದೆ. ಇದೇ ಕಾರಣವಾ?

ತತ್ವ ಅದೇ, ಜಾಗ ಬೇರೆ. ಕೇರಳದ ಶಾಲೆಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೈಟ್, ಅದರ ಕೈಟ್ ಗ್ನೂ ಲಿನಕ್ಸ್ ಉಬುಂಟು ಆಧರಿಸಿದ್ದು. ಫೈಲ್ ಮ್ಯಾನೇಜರ್ ನಾಟಿಲಸ್ ಆಗಿದ್ದರೆ ಟರ್ಮಿನಲ್ ತೆರೆದು ನಾಟಿಲಸ್ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು ಹೈಫನ್ ಕ್ಯೂ ಕೊಟ್ಟು ಅದನ್ನು ಪೂರ್ತಿ ನಿಲ್ಲಿಸಿ. ಆಮೇಲೆ ಅದೇ ಟರ್ಮಿನಲ್ಲಿನಿಂದ ಬರೀ ನಾಟಿಲಸ್ ಎಂದು ಬರೆದು ಶುರು ಮಾಡಿ. ಈಗ ರೈಟ್ ಕ್ಲಿಕ್ ಮಾಡಿದರೆ ಬೀಳುವ ಮೊದಲಿನ ಸಂದೇಶಗಳು ಟರ್ಮಿನಲ್ಲಿನಲ್ಲಿ ಉಳಿಯುತ್ತವೆ, ಹಾಳಾದ ಎಕ್ಸ್‌ಟೆನ್ಶನಿನ ಹೆಸರು ಅಲ್ಲಿ ಕಾಣಿಸುವುದುಂಟು. ಬಳಕೆದಾರರೇ ಹಾಕಿದ ಪೈಥಾನ್ ಎಕ್ಸ್‌ಟೆನ್ಶನ್‌ಗಳು ಹೋಮ್ ಫೋಲ್ಡರಿನ ಅಡಗಿದ ಡಾಟ್ ಲೋಕಲ್, ಶೇರ್, ನಾಟಿಲಸ್-ಪೈಥಾನ್ ಒಳಗಿರುತ್ತವೆ. ಅಡಗಿದವು ಕಾಣಲು ಕಂಟ್ರೋಲ್ ಎಚ್. ಅವುಗಳನ್ನು ಬೇರೆ ಕಡೆ ಸರಿಸಿ ನೋಡಿ.

ರೈಟ್ ಕ್ಲಿಕ್ ಮಾಡಿದಾಗ ಲಿನಕ್ಸಿನ ಫೈಲ್ ಮ್ಯಾನೇಜರ್ ಟೆಂಪ್ಲೇಟ್ಸ್ ಫೋಲ್ಡರನ್ನು ಓದಿ "ನ್ಯೂ ಡಾಕ್ಯುಮೆಂಟ್" ಪಟ್ಟಿ ಮಾಡುತ್ತದೆ. ಲ್ಯಾಬಿನಲ್ಲಿ ಪರದೆಯ ಭಾಷೆಯನ್ನು ಒಮ್ಮೆ ಕನ್ನಡ, ಒಮ್ಮೆ ಮಲಯಾಳಂ ಎಂದು ಬದಲಿಸಿದಾಗ ಫೋಲ್ಡರುಗಳ ಹೆಸರನ್ನೂ ಬದಲಿಸಲೇ ಎಂದು ಲಾಗಿನ್‌ನಲ್ಲಿ ಕೇಳುತ್ತದೆ. ಖಾಲಿ ಇದೆಯೆಂದು ಮಕ್ಕಳು ಆ ಟೆಂಪ್ಲೇಟ್ಸ್ ಫೋಲ್ಡರನ್ನು ಅಳಿಸಿದರೆ, ಅದರ ಜಾಗದಲ್ಲಿ ಇಡೀ ಹೋಮ್ ಫೋಲ್ಡರೇ ಟೆಂಪ್ಲೇಟ್ ಎಂದು ದಾಖಲಾಗುವುದುಂಟು. ಆಗ ಪ್ರತಿ ರೈಟ್ ಕ್ಲಿಕ್ಕಿಗೂ ಹೋಮಿನಲ್ಲಿರುವ ಫೋಲ್ಡರುಗಳನ್ನೆಲ್ಲ ಓದಲು ಹೊರಟು ಫೈಲ್ ಮ್ಯಾನೇಜರ್ ಸ್ತಬ್ಧವಾಗಬಹುದು. ಹೋಮಿನ ಡಾಟ್ ಕಾನ್ಫಿಗ್ ಫೋಲ್ಡರಿನಲ್ಲಿ ಯೂಸರ್-ಡರ್ಸ್ ಡಾಟ್ ಡರ್ಸ್ ಎಂಬ ಫೈಲ್ ತೆರೆಯಿರಿ. ಟೆಂಪ್ಲೇಟ್ಸ್ ಸಾಲಿನಲ್ಲಿ ಹೋಮ್ ಎಂದಷ್ಟೇ ಇದ್ದರೆ, ಹೋಮಿನಲ್ಲಿ ಟೆಂಪ್ಲೇಟ್ಸ್ ಹೆಸರಿನ ಖಾಲಿ ಫೋಲ್ಡರ್ ಮಾಡಿ, ಆ ಸಾಲಿನಲ್ಲಿ ಹೋಮಿನ ಮುಂದೆ ಸ್ಲ್ಯಾಶ್ ಹಾಕಿ ಅದರ ಹೆಸರು ಬರೆದು ಸೇವ್ ಮಾಡಿ, ಲಾಗೌಟ್ ಆಗಿ ಬನ್ನಿ.